ಹೆಚ್ಚು ಕೇಳಿದವನಿಗೆ ಹೆಚ್ಚು ಸಿಗದ ಹಾಗೆ

ಒಂದು ದೊಡ್ಡ ಸರ್ಚ್ ಕಂಪನಿಯಲ್ಲಿ ಹೀಗೊಂದು ನಿಯಮವಿತ್ತು: ಕೊಟ್ಟ ಕಂಪ್ಯೂಟರುಗಳನ್ನು ಬಿಡುವಿಲ್ಲದೆ ದುಡಿಸುವ ತಂಡಕ್ಕೆ ಮಾತ್ರ ಪ್ರತ್ಯೇಕ ಯಂತ್ರಗಳು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಖಾಲಿ ಕೂರುವ ಯಂತ್ರವನ್ನು ಯಾರಿಗಾದರೂ ಏಕೆ ಕೊಡಬೇಕು? ಆದರೆ ಆದದ್ದೇ ಬೇರೆ. ಎಂಜಿನಿಯರುಗಳು ತಮ್ಮ ಪ್ರೋಗ್ರಾಂಗಳ ನಡುನಡುವೆ ಕೊನೆಯೇ ಇಲ್ಲದ ಲೂಪ್‌ಗಳನ್ನು ತುರುಕತೊಡಗಿದರು. ಅವುಗಳಿಂದ ಒಂದು ಲೆಕ್ಕವೂ ಆಗುತ್ತಿರಲಿಲ್ಲ, ಒಂದು ಉತ್ತರವೂ ಹುಟ್ಟುತ್ತಿರಲಿಲ್ಲ. ಯಂತ್ರ ತನ್ನ ಪಾಡಿಗೆ ಸುತ್ತುತ್ತಿತ್ತು; ಬಳಕೆಯ ಅಂಕಿ ಮಾತ್ರ ಏರುತ್ತಿತ್ತು. ಯಾಹೂ ಕಂಪನಿಯ ಡೇಟಾ ಸೆಂಟರಿನಲ್ಲಿ ಇನ್ನೊಂದು ಬಗೆ. ಅಲ್ಲಿ ದೊಡ್ಡ ಲೆಕ್ಕಗಳನ್ನು ‘ಮ್ಯಾಪ್’, ‘ರೆಡ್ಯೂಸ್’ ಎಂಬ ಎರಡು ಹಂತಗಳಲ್ಲಿ ಮಾಡುತ್ತಿದ್ದರು, ಒಂದೊಂದಕ್ಕೂ ಬೇರೆ ಬೇರೆ ಜಾಗ. ಮ್ಯಾಪ್ ಜಾಗಕ್ಕೆ ನೂಕುನುಗ್ಗಲಿರುವುದನ್ನು ಕಂಡುಕೊಂಡ ಬಳಕೆದಾರನೊಬ್ಬ ಆ ಹಂತದ ಕೆಲಸವನ್ನೆಲ್ಲ ರೆಡ್ಯೂಸ್ ಹಂತದೊಳಗೇ ಬರೆದು, ಸಾಲು ತಪ್ಪಿಸಿ ಮುಂದೆ ಹೋದ.

ಎರಡೂ ಪ್ರಸಂಗಗಳು ಬರ್ಕ್ಲಿಯ ಅಲಿ ಘೋಡ್ಸಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದಾಖಲಾಗಿವೆ. ಇವರಾರೂ ಕಳ್ಳರಲ್ಲ. ತಮ್ಮ ಕೆಲಸ ಬೇಗ ಮುಗಿಯಲಿ ಎಂದು ಬಯಸಿದವರು, ನಿಯಮ ಎಲ್ಲಿ ಬಾಗುತ್ತದೆಂದು ನೋಡಿ ಅಲ್ಲಿ ಬಗ್ಗಿಸಿದವರು. ಕಂಪ್ಯೂಟರ್ ಜಾಲಗಳಲ್ಲಿ ಸಂಪನ್ಮೂಲ ಹಂಚುವುದು ಇವತ್ತು ಇಷ್ಟು ಕಷ್ಟದ ಕೆಲಸವಾಗಿರುವುದಕ್ಕೆ ಮುಖ್ಯ ಕಾರಣ ಇಂಥ ಜಾಣರೇ. ಅವರ ಜಾಣತನವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನಿಯಮ ಕಟ್ಟಬೇಕಾಗಿದೆ. ಹಾಗೆ ಕಟ್ಟುವುದಕ್ಕೆ ಆಧಾರವಾದ ಗಣಿತಕ್ಕೆ ಗೇಮ್ ಥಿಯರಿ ಎಂದು ಹೆಸರು.

ಇಂಟರ್ನೆಟ್ ನಡೆಯುತ್ತಿರುವುದು ಪರಸ್ಪರ ಸಂಯಮದ ಮೇಲೆ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಎರಡರ ನಡುವೆ ಇದ್ದದ್ದು 400 ಗಜ ದೂರ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ದಾರಿಯಲ್ಲಿ 40 ಬಿಟ್ ಸಾಗಿದರೆ ಹೆಚ್ಚು ಎನ್ನುವಂತಾಯಿತು. ಕಳಿಸಿದ ಪ್ಯಾಕೆಟ್ (ಮಾಹಿತಿಯ ತುಂಡು) ತಲುಪಲಿಲ್ಲವೆಂದು ಪ್ರತಿ ಕಂಪ್ಯೂಟರೂ ಮತ್ತೆ ಮತ್ತೆ ಕಳಿಸುತ್ತಿತ್ತು, ಆ ಮರುರವಾನೆಯೇ ದಾರಿಯನ್ನು ಕಟ್ಟಿಹಾಕುತ್ತಿತ್ತು. ವ್ಯಾನ್ ಜೇಕಬ್ಸನ್ ಇದಕ್ಕೆ ಪರಿಹಾರ ಹುಡುಕಿ 1988ರಲ್ಲಿ ಪ್ರಕಟಿಸಿದರು: ಪ್ಯಾಕೆಟ್ ಕಳೆದುಹೋದರೆ ದಾರಿ ಕಿಕ್ಕಿರಿದಿದೆ ಎಂದು ತಿಳಿದು ಕಳಿಸುವವನೇ ವೇಗ ತಗ್ಗಿಸಬೇಕು. ಇವತ್ತಿಗೂ ನಮ್ಮ ಫೋನು, ಲ್ಯಾಪ್‌ಟಾಪುಗಳು ಪಾಲಿಸುತ್ತಿರುವುದು ಬಹುಮಟ್ಟಿಗೆ ಇದೇ ಮರ್ಯಾದೆಯನ್ನು. ಆದರೆ ಈ ಮರ್ಯಾದೆ ಒಂದೊಂದು ಸಂಪರ್ಕಕ್ಕೆ ಅನ್ವಯಿಸುತ್ತದೆಯೇ ಹೊರತು ಒಬ್ಬೊಬ್ಬ ಮನುಷ್ಯನಿಗಲ್ಲ. ಒಂದೇ ಫೈಲನ್ನು ಎಂಟು ತುಂಡು ಮಾಡಿ ಎಂಟು ಸಂಪರ್ಕಗಳಲ್ಲಿ ಎಳೆದುಕೊಳ್ಳುವ ಡೌನ್‌ಲೋಡ್ ಮ್ಯಾನೇಜರುಗಳನ್ನು ಬಳಸಿದ್ದವರಿಗೆ ಇದು ಗೊತ್ತು. ಪಕ್ಕದವನು ಒಂದು ಪಾಲು ಪಡೆದಾಗ ಇವರಿಗೆ ಎಂಟು ಪಾಲು.

ಸಂಯಮ ಬಿಟ್ಟು ಪ್ರತಿಯೊಬ್ಬರೂ ತಮಗೆ ಒಳ್ಳೆಯದೆನಿಸಿದ ದಾರಿಯನ್ನೇ ಹಿಡಿದರೆ ಜಾಲಕ್ಕಾಗುವ ನಷ್ಟ ಎಷ್ಟು? ಇದಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ ಟಿಮ್ ರಫ್‌ಗಾರ್ಡನ್ ಮತ್ತು ಈವಾ ಟಾರ್ಡೋಸ್ ನಿಖರವಾದ ಉತ್ತರ ಕೊಟ್ಟರು. ಎರಡು ದಾರಿಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಯಾವಾಗ ಹೋದರೂ 100 ಮಿಲಿಸೆಕೆಂಡ್ ಬೇಕು. ಎರಡನೆಯದರಲ್ಲಿ ಜನ ಸೇರಿದಷ್ಟೂ ತಡ: ಎಲ್ಲರೂ ಬಂದರೆ 100, ಅರ್ಧ ಜನ ಬಂದರೆ 50. ಎರಡನೆಯ ದಾರಿ ಎಂದೂ ಮೊದಲನೆಯದಕ್ಕಿಂತ ಕೆಟ್ಟದಲ್ಲವಾದ್ದರಿಂದ ಎಲ್ಲರೂ ಅದಕ್ಕೇ ನುಗ್ಗುತ್ತಾರೆ, ಎಲ್ಲರಿಗೂ 100 ಮಿಲಿಸೆಕೆಂಡ್ ಹಿಡಿಯುತ್ತದೆ. ಯಾರೋ ಒಬ್ಬರು ನಿಂತು ಅರ್ಧ ಜನರನ್ನು ಮೊದಲ ದಾರಿಗೆ ಕಳಿಸಿದ್ದರೆ ಸರಾಸರಿ 75ಕ್ಕೆ ಇಳಿಯುತ್ತಿತ್ತು. ನಷ್ಟ ಮೂರನೇ ಒಂದರಷ್ಟು. ತಡ ಹೀಗೆ ಸಮಪ್ರಮಾಣದಲ್ಲಿ ಏರುವ ಜಾಲ ಎಷ್ಟೇ ದೊಡ್ಡದಿರಲಿ, ಎಷ್ಟೇ ಗೋಜಲಾಗಿರಲಿ, ನಷ್ಟ ಇದಕ್ಕಿಂತ ಮೀರುವುದಿಲ್ಲವೆಂದು ಅವರು ಸಾಧಿಸಿ ತೋರಿಸಿದರು. ಹೇಳುವವರು ಕೇಳುವವರು ಇಲ್ಲದಿರುವುದಕ್ಕೆ ತೆರಬೇಕಾದ ಈ ಬೆಲೆಗೆ ‘ಅರಾಜಕತೆಯ ಬೆಲೆ’ ಎಂದೇ ಹೆಸರು ಬಿದ್ದಿದೆ.

ಆ ‘ಯಾರೋ ಒಬ್ಬರು’ ನಿಜವಾಗಿ ಬಂದದ್ದು ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕ್ ಅಥವಾ ಎಸ್‌ಡಿಎನ್ ಎಂಬ ಹೆಸರಿನಲ್ಲಿ. ಅದಕ್ಕೂ ಮುಂಚೆ ಪ್ಯಾಕೆಟ್ಟುಗಳಿಗೆ ದಾರಿ ತೋರುವ ಪ್ರತಿ ರೂಟರ್, ಸ್ವಿಚ್ಚಿನ ಒಳಗೇ ಅದರದ್ದೊಂದು ಮಿದುಳು ಇರುತ್ತಿತ್ತು. ಅಕ್ಕಪಕ್ಕದ ರೂಟರುಗಳು ಹೇಳಿದ್ದನ್ನು ಕೇಳಿಕೊಂಡು ಅದು ತನ್ನ ದಾರಿ ತಾನು ನಿರ್ಧರಿಸುತ್ತಿತ್ತು. ಇಡೀ ಜಾಲವನ್ನು ಒಂದೆಡೆ ಕೂತು ನಡೆಸುವವರು ಯಾರೂ ಇರುತ್ತಿರಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಟಿನ್ ಕಸಾಡೊ, ನಿಕ್ ಮೆಕಿಯೋನ್, ಬರ್ಕ್ಲಿಯ ಸ್ಕಾಟ್ ಶೆಂಕರ್ ಮತ್ತಿತರರು 2007ರ ‘ಈಥೇನ್’ ಯೋಜನೆಯಲ್ಲಿ ಆ ಮಿದುಳನ್ನು ಸ್ವಿಚ್ಚುಗಳಿಂದ ಹೊರತೆಗೆದು ಒಂದೆಡೆ ಇಟ್ಟರು. ಅದೇ ಕಂಟ್ರೋಲರ್. ಸ್ವಿಚ್ಚಿನಲ್ಲಿ ಉಳಿದದ್ದು ಒಂದು ಪಟ್ಟಿ: ಇಂಥ ಪ್ಯಾಕೆಟ್ ಬಂದರೆ ಇಂಥ ಬಾಗಿಲಿಂದ ಕಳಿಸು, ಇಂಥದ್ದು ಬಂದರೆ ಬಿಸಾಡು. ಕಂಟ್ರೋಲರು ಆ ಪಟ್ಟಿಯ ಸಾಲುಗಳನ್ನು ದೂರದಿಂದಲೇ ಬರೆಯುತ್ತದೆ, ಅಳಿಸುತ್ತದೆ. ಹಾಗೆ ಬರೆಯುವುದಕ್ಕೊಂದು ಸಾಮಾನ್ಯ ಭಾಷೆಯಾಗಿ 2008ರಲ್ಲಿ ‘ಓಪನ್‌ಫ್ಲೋ’ ಬಂತು.

ಇದರ ಫಲವನ್ನು ಗೂಗಲ್ 2013ರಲ್ಲಿ ಬಹಿರಂಗವಾಗಿ ಹೇಳಿಕೊಂಡಿತು. ಡೇಟಾ ಸೆಂಟರುಗಳನ್ನು ಬೆಸೆಯುವ ದೂರದ ಲಿಂಕುಗಳನ್ನು ಕಂಪನಿಗಳು ಸಾಮಾನ್ಯವಾಗಿ ನೂರಕ್ಕೆ 30–40ರಷ್ಟು ಮಾತ್ರ ತುಂಬುತ್ತಿದ್ದವು, ಉಳಿದದ್ದು ಆಪತ್ಕಾಲಕ್ಕೆ. ಕಂಟ್ರೋಲರುಗಳ ಮೂಲಕ ನಡೆಯುವ ‘ಬಿ4’ ಜಾಲದಲ್ಲಿ ಎಷ್ಟೋ ಲಿಂಕುಗಳು ನೂರರ ಹತ್ತಿರ ತುಂಬಿ ಓಡಿದವು, ದೀರ್ಘಾವಧಿಯ ಸರಾಸರಿ 70 ಮುಟ್ಟಿತು. ಸಮುದ್ರದಡಿಯ ಕೇಬಲಿಗೆ ಸುರಿಯುವ ಹಣವನ್ನು ನೆನೆದರೆ ಇದು ಎಷ್ಟು ದೊಡ್ಡ ಉಳಿತಾಯವೆಂದು ತಿಳಿಯುತ್ತದೆ.

ಹಾಗಾದರೆ ಕೆಲಸ ಮುಗಿಯಿತಲ್ಲ, ಎಲ್ಲವನ್ನೂ ಕಾಣುವ ಒಡೆಯ ಬಂದ ಮೇಲೆ ಗೇಮ್ ಥಿಯರಿ ಏಕೆ ಎಂದು ಕೇಳಬಹುದು. ಎಸ್‌ಡಿಎನ್ ಬಗ್ಗೆ ಮಾತಾಡುವ ಅನೇಕರು ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಕಂಟ್ರೋಲರಿಗೆ ಎಲ್ಲ ಕಾಣುವುದಿಲ್ಲ. ನಮ್ಮ ಕೆರೆಗಳ ನೀರಗಂಟಿ ತೂಬು ತೆರೆಯುವ ಮುನ್ನ ಬದುವಿನ ಮೇಲೆ ನಡೆದು ಯಾವ ಗದ್ದೆಯ ಪೈರು ಬಾಡಿದೆ, ಯಾವುದರಲ್ಲಿ ನೀರು ನಿಂತಿದೆ ಎಂದು ಕಣ್ಣಾರೆ ನೋಡುತ್ತಿದ್ದ. ಕಂಟ್ರೋಲರಿಗೆ ಕಾಣುವುದು ಕಾಲುವೆಯ ಹರಿವು ಮಾತ್ರ, ಪೈರಲ್ಲ. ಒಂದು ಪ್ಯಾಕೆಟ್ಟಿನಲ್ಲಿ ಶಸ್ತ್ರಚಿಕಿತ್ಸೆಯ ಚಿತ್ರವಿದೆಯೋ, ನಾಳೆ ಹೋದರೂ ನಡೆಯುವ ಬ್ಯಾಕಪ್ ಇದೆಯೋ ಅದಕ್ಕೆ ತಿಳಿಯದು. ಯಾರಿಗೆ ಎಷ್ಟು ಬೇಕು, ಎಷ್ಟು ತುರ್ತು ಎಂಬುದನ್ನು ಬಳಕೆದಾರರೇ ಹೇಳಬೇಕು. ಹೇಳುವವರಿಗೆ ಸ್ವಂತ ಹಿತವಿದೆ. ಅಂದರೆ ದಾರಿ ಆಯ್ದುಕೊಳ್ಳುವುದರಲ್ಲಿದ್ದ ಸ್ವಾರ್ಥವನ್ನು ಕಂಟ್ರೋಲರ್ ನಿವಾರಿಸಿತು. ಬೇಡಿಕೆ ಹೇಳುವುದರಲ್ಲಿರುವ ಸ್ವಾರ್ಥ ಹಾಗೇ ಉಳಿಯಿತು. ಒಂದು ಕಂಪನಿಯ ಒಳಗೆ, ಒಂದೇ ಮಾಲೀಕನ ಕೈಕೆಳಗೆ ಕೂಡ ಅದು ಉಳಿಯುತ್ತದೆ ಎಂಬುದಕ್ಕೆ ಕೊನೆಯಿಲ್ಲದ ಆ ಲೂಪ್‌ಗಳೇ ಸಾಕ್ಷಿ.

ಒಂದು ಲಿಂಕನ್ನೇ ಹತ್ತಿರದಿಂದ ನೋಡೋಣ. ಅದರ ಸಾಮರ್ಥ್ಯ 200 ಗಿಗಾಬಿಟ್. ಮೂರು ವಿಭಾಗಗಳು 100, 200, 300 ಕೇಳಿವೆ. ಹೇಗೆ ಹಂಚುವುದು? ಬೇಡಿಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ಸುಮಾರು 33, 67, 100. ಆಫೀಸುಗಳಲ್ಲಿ ಬಜೆಟ್ ಹಂಚುವವರಿಗೆ ಮೊದಲು ಹೊಳೆಯುವುದೂ ಇದೇ. ಈಗ ಮೂರನೆಯ ವಿಭಾಗ 300ರ ಜಾಗದಲ್ಲಿ 600 ಎಂದು ಬರೆದುಕೊಟ್ಟಿತು ಎನ್ನಿ. ಅದರ ಪಾಲು 100ರಿಂದ 133ಕ್ಕೆ ಏರಿತು. ಸತ್ಯ ಹೇಳಿದ ಉಳಿದಿಬ್ಬರ ಪಾಲು 22 ಮತ್ತು 44ಕ್ಕೆ ಇಳಿಯಿತು. ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುವುದು ಈ ನಿಯಮಕ್ಕೆ ಸರಿಯಾಗಿ ಹೊಂದುತ್ತದೆ. ಮುಂದಿನ ಸಲ ಮೂವರೂ ಸುಳ್ಳು ಬರೆಯುತ್ತಾರೆ. ಆಮೇಲೆ ನಿಜವಾದ ಬೇಡಿಕೆ ಎಷ್ಟೆಂದು ಕಂಟ್ರೋಲರಿಗೆ ಎಂದೂ ಗೊತ್ತಾಗುವುದಿಲ್ಲ.

ಎರಡನೆಯ ನಿಯಮ ಎಲ್ಲಕ್ಕಿಂತ ಕಡಿಮೆ ಪಡೆದವನ ಪಾಲನ್ನು ಆದಷ್ಟು ಮೇಲೆತ್ತುವುದು. ಇದರಂತೆ ಮೂವರಿಗೂ ಸುಮಾರು 67. ಮೂರನೆಯವರು 600 ಕೇಳಲಿ, 6,000 ಕೇಳಲಿ, ಅದೇ 67. ಸುಳ್ಳಿಗೆ ಲಾಭವಿಲ್ಲ. ಜಾಲಗಳಲ್ಲಿ ಈ ನಿಯಮಕ್ಕೆ ಇಷ್ಟು ಮನ್ನಣೆ ಸಿಕ್ಕಿರುವುದಕ್ಕೆ ಅದರ ಈ ಗಟ್ಟಿತನವೂ ಒಂದು ಕಾರಣ.

ಮೂರನೆಯದು ಬಹಳ ಹಳೆಯದು, ನನಗೆ ತುಂಬ ಇಷ್ಟವಾದದ್ದು. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಒಂದು ವ್ಯಾಜ್ಯವಿದೆ. ತೀರಿಕೊಂಡವನ ಮೂವರು ಹೆಂಡತಿಯರಿಗೆ ಮದುವೆಯ ಕರಾರಿನಂತೆ 100, 200, 300 ಬರಬೇಕು, ಆಸ್ತಿ ಸಾಲದು. ಆಸ್ತಿ 100 ಇದ್ದರೆ ಮೂವರಿಗೂ ಸಮಪಾಲು. 300 ಇದ್ದರೆ 50, 100, 150. ನಡುವಿನ 200 ಇದ್ದಾಗ 50, 75, 75. ಒಂದಕ್ಕೊಂದು ತಾಳೆಯಾಗದ ಈ ಅಂಕಿಗಳು ಶತಮಾನಗಳ ಕಾಲ ವ್ಯಾಖ್ಯಾನಕಾರರ ತಲೆ ತಿಂದವು. 1985ರಲ್ಲಿ ರಾಬರ್ಟ್ ಔಮನ್ ಮತ್ತು ಮೈಕೆಲ್ ಮಾಶ್ಲರ್ ಅದರ ಗಂಟು ಬಿಚ್ಚಿದರು. ಯಾವ ಇಬ್ಬರನ್ನು ತೆಗೆದುಕೊಂಡರೂ ಒಂದೇ ತತ್ವ ನಡೆಯುತ್ತದೆ: ಒಬ್ಬರು ಕೇಳದೆ ಬಿಟ್ಟದ್ದು ಇನ್ನೊಬ್ಬರಿಗೆ, ಇಬ್ಬರೂ ಕೇಳಿದ್ದು ಅರ್ಧರ್ಧ. ಆಸ್ತಿ 200 ಇದ್ದಾಗ ಮೊದಲ ಇಬ್ಬರಿಗೆ ಸೇರಿ ಸಿಕ್ಕದ್ದು 125. ಮೊದಲನೆಯವಳ ಹಕ್ಕು 100, ಆದ್ದರಿಂದ 25ರ ಮೇಲೆ ಅವಳ ತಕರಾರಿಲ್ಲ, ಅದು ಎರಡನೆಯವಳಿಗೆ. ಉಳಿದ 100ನ್ನು ಇಬ್ಬರೂ ಕೇಳುತ್ತಾರೆ, 50–50. ಒಟ್ಟು 50 ಮತ್ತು 75. ಇದು ಆಧುನಿಕ ಗೇಮ್ ಥಿಯರಿಯ ‘ನ್ಯೂಕ್ಲಿಯೋಲಸ್’ ಎಂಬ ಪರಿಹಾರವೇ ಎಂದು ಅವರು ತೋರಿಸಿದರು. ದಿವಾಳಿಯ ಆಸ್ತಿ ಹಂಚುವ ಈ ಲೆಕ್ಕವನ್ನು ಬ್ಯಾಂಡ್‌ವಿಡ್ತ್ ಹಂಚಿಕೆಗೆ ಬಳಸುವ ಸಂಶೋಧನೆ ಬೇಕಾದಷ್ಟು ನಡೆದಿದೆ. ಬೇಡಿಕೆ ಮೀರಿದ ಲಿಂಕ್ ಎಂದರೆ ದಿವಾಳಿಯಾದ ಲಿಂಕ್ ತಾನೇ. ನಮ್ಮ 200 ಗಿಗಾಬಿಟ್ ಲಿಂಕಿನಲ್ಲಿ 300ನ್ನು 600 ಮಾಡಿ ಬರೆದರೂ ಈ ನಿಯಮದಲ್ಲಿ 75ಕ್ಕಿಂತ ಹೆಚ್ಚು ಸಿಗದು. ಆದರೆ ಲಿಂಕ್ 400ರದ್ದಾಗಿದ್ದರೆ 225ರ ಪಾಲು ಸುಳ್ಳಿನ ಬಲದಿಂದ 250 ಆಗುತ್ತದೆ. ಕೊರತೆ ತೀವ್ರವಾಗಿದ್ದಾಗ ಗಟ್ಟಿ, ಕೊರತೆ ಕಡಿಮೆಯಾದಾಗ ಸಡಿಲ.

ಒಂದೇ ಲಿಂಕ್, ಮೂರು ನಿಯಮ, ಮೂರು ಬಗೆಯ ನ್ಯಾಯ. ನಿಜವಾದ ಜಾಲದಲ್ಲಿ ಕಷ್ಟ ಇದಕ್ಕಿಂತ ಹೆಚ್ಚು, ಏಕೆಂದರೆ ಹಂಚಬೇಕಾದದ್ದು ಬ್ಯಾಂಡ್‌ವಿಡ್ತ್ ಒಂದೇ ಅಲ್ಲ. ಸ್ವಿಚ್ಚಿನ ಪಟ್ಟಿ ಕೂರುವುದು ಬಹಳ ದುಬಾರಿಯಾದ, ವಿದ್ಯುತ್ ನುಂಗುವ ವಿಶೇಷ ಮೆಮೊರಿಯಲ್ಲಿ. ಅದರಲ್ಲಿ ಹಿಡಿಯುವ ಸಾಲುಗಳು ಸೀಮಿತ. ವಿಡಿಯೊ ಕಂಪನಿಗೆ ಬ್ಯಾಂಡ್‌ವಿಡ್ತ್ ಹೆಚ್ಚು ಬೇಕು, ಪಟ್ಟಿಯ ಸಾಲು ಕಡಿಮೆ ಸಾಕು. ಸಾವಿರಾರು ಸಣ್ಣ ಸಂಪರ್ಕಗಳನ್ನು ಒಂದೊಂದಾಗಿ ಪರಿಶೀಲಿಸುವ ಬ್ಯಾಂಕಿಗೆ ಇದರ ತಿರುವುಮುರುವು. ಘೋಡ್ಸಿ ಅವರ 2011ರ ಪ್ರಬಂಧ ಬಿಡಿಸಿದ್ದು ಈ ಬಗೆಯ ತೊಡಕನ್ನೇ, ಪ್ರೊಸೆಸರ್ ಮತ್ತು ಮೆಮೊರಿಯ ಸಂದರ್ಭದಲ್ಲಿ. ಅಲ್ಲಿನ ಅಂಕಿಗಳನ್ನೇ ಸ್ವಿಚ್ಚಿಗೆ ಹೊಂದಿಸಿಕೊಂಡು ನೋಡೋಣ. 9,000 ಸಾಲು, 18 ಗಿಗಾಬಿಟ್ ಇವೆ. ವಿಡಿಯೊ ಕಂಪನಿಗೆ ಒಂದು ಘಟಕ ಕೆಲಸಕ್ಕೆ 1,000 ಸಾಲು, 4 ಗಿಗಾಬಿಟ್ ಬೇಕು. ಬ್ಯಾಂಕಿಗೆ 3,000 ಸಾಲು, 1 ಗಿಗಾಬಿಟ್. ಎರಡನ್ನೂ ಸುಮ್ಮನೆ ಅರ್ಧ ಮಾಡಿ ಕೊಟ್ಟರೆ ವಿಡಿಯೊ ಕಂಪನಿ 2.25 ಘಟಕ, ಬ್ಯಾಂಕ್ 1.5 ಘಟಕ ಕೆಲಸ ಮಾಡಬಹುದು. ಅದರ ಬದಲು ಪ್ರತಿಯೊಬ್ಬರೂ ಯಾವ ಸಂಪನ್ಮೂಲವನ್ನು ಅತಿ ಹೆಚ್ಚು ಪ್ರಮಾಣದಲ್ಲಿ ಬಳಸುತ್ತಾರೋ ಆ ಪಾಲನ್ನು ಸರಿಸಮ ಮಾಡಿ ಎನ್ನುತ್ತದೆ ಪ್ರಬಂಧ. ವಿಡಿಯೊ ಕಂಪನಿಗೆ ಬ್ಯಾಂಡ್‌ವಿಡ್ತಿನ ಮೂರನೇ ಎರಡು ಪಾಲು, ಬ್ಯಾಂಕಿಗೆ ಸಾಲುಗಳ ಮೂರನೇ ಎರಡು ಪಾಲು. ಆಗ ಒಬ್ಬರಿಗೆ 3 ಘಟಕ, ಇನ್ನೊಬ್ಬರಿಗೆ 2. ಇಬ್ಬರೂ ಗೆದ್ದರು.

ಇನ್ನು ವಿಡಿಯೊ ಕಂಪನಿ ಸುಳ್ಳು ಹೇಳಲಿ: ಘಟಕಕ್ಕೆ 4 ಗಿಗಾಬಿಟ್ ಸಾಲದು, 8 ಬೇಕು. ಲೆಕ್ಕ ಹಾಕಿದರೆ ಅದಕ್ಕೆ 12ರ ಜಾಗದಲ್ಲಿ 14.4 ಗಿಗಾಬಿಟ್ ಸಿಗುತ್ತದೆ, ಆದರೆ ಪಟ್ಟಿಯಲ್ಲಿ 3,000 ಸಾಲಿನ ಜಾಗದಲ್ಲಿ 1,800 ಸಾಲು. ಬ್ಯಾಂಡ್‌ವಿಡ್ತ್ ಬಿದ್ದಿದೆ, ಬಳಸಲು ಸಾಲಿಲ್ಲ. ಮೂರು ಘಟಕ ಆಗುತ್ತಿದ್ದ ಕೆಲಸ 1.8ಕ್ಕೆ ಇಳಿಯಿತು. ಸುಳ್ಳು ಹೇಳಿದವನನ್ನು ಹಿಡಿಯಲು ಪೊಲೀಸು ಬೇಕಿಲ್ಲ, ದಂಡ ಬೇಕಿಲ್ಲ. ಸುಳ್ಳೇ ಅವನಿಗೆ ನಷ್ಟ ತಂದಿತು. ಗೇಮ್ ಥಿಯರಿಯಲ್ಲಿ ನಿಜವಾಗಿ ಸುಂದರವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಪುಟ್ಟ ಲೆಕ್ಕವನ್ನೇ.

ಸ್ಕಾಟ್ ಶೆಂಕರ್ ಅವರ ಹೆಸರು 2011ರ ಈ ಪ್ರಬಂಧದ ಮೇಲೂ ಇದೆ, ಈಥೇನ್ ಮತ್ತು ಓಪನ್‌ಫ್ಲೋ ಪ್ರಬಂಧಗಳ ಮೇಲೂ ಇದೆ. ಭೌತವಿಜ್ಞಾನ ಓದಿಕೊಂಡು ಜಾಲಗಳ ಕಡೆಗೆ ಬಂದ ಅವರು 1994ರಷ್ಟು ಹಿಂದೆಯೇ ಜಾಲಗಳಲ್ಲಿನ ದುರಾಸೆಯ ಬಗ್ಗೆ ಗೇಮ್ ಥಿಯರಿಯ ನೆಲೆಯಿಂದ ಬರೆದಿದ್ದರು. ಸ್ವಿಚ್ ಪ್ಯಾಕೆಟ್ಟುಗಳನ್ನು ಸಾಲು ನಿಲ್ಲಿಸುವ ಬಗೆ ಸರಿಯಿದ್ದರೆ ಬಳಕೆದಾರರ ಸ್ವಾರ್ಥದಿಂದ ಜಾಲ ಕೆಡಬೇಕಾಗಿಲ್ಲ ಎಂಬುದು ಅದರ ಸಾರ. ಒಂದೇ ವ್ಯಕ್ತಿ ಕಂಟ್ರೋಲರನ್ನು ರೂಪಿಸುವುದರಲ್ಲೂ ಹಂಚಿಕೆಯ ನ್ಯಾಯ ಹುಡುಕುವುದರಲ್ಲೂ ತೊಡಗಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಹಣ ತೆಗೆದುಕೊಂಡು ಹಂಚುವ ವಿಧಾನಗಳೂ ಇವೆ. ವಿಲಿಯಂ ವಿಕ್ರಿ 1961ರಲ್ಲಿ ಶುರುಮಾಡಿದ, ಆಮೇಲೆ ಕ್ಲಾರ್ಕ್ ಮತ್ತು ಗ್ರೋವ್ಸ್ ವಿಸ್ತರಿಸಿದ ಹರಾಜಿನಲ್ಲಿ ಪ್ರತಿಯೊಬ್ಬರೂ ತಾವು ಇರುವುದರಿಂದ ಉಳಿದವರಿಗಾದ ನಷ್ಟದಷ್ಟನ್ನು ತೆರುತ್ತಾರೆ. ಆಗ ನಿಜವಾದ ಬೆಲೆ ಹೇಳುವುದೇ ಲಾಭ. ಕಾಗದದ ಮೇಲೆ ಚೆಂದ, ದೊಡ್ಡ ಜಾಲದಲ್ಲಿ ಲೆಕ್ಕ ಭಾರ. ಸೆಕೆಂಡುಗಳಲ್ಲಿ ನಿರ್ಧರಿಸಬೇಕಾದ ಕಂಟ್ರೋಲರಿಗೆ ಸರಳ ನಿಯಮವೇ ಮೇಲು. ಈ ಬಗೆಯ ನಿಯಮ ಕಟ್ಟುವ ವಿದ್ಯೆಯನ್ನು, ಅಂದರೆ ಮೆಕ್ಯಾನಿಸಂ ಡಿಸೈನನ್ನು, ಕ್ರಮವಾಗಿ ಕಲಿಯಬೇಕೆನ್ನುವ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ವೈ. ನರಹರಿ ಅವರು 2014ರಲ್ಲಿ ಹೊರತಂದ ಪಠ್ಯ ಗೇಮ್ ಥಿಯರಿ ಮತ್ತು ಮೆಕ್ಯಾನಿಸಂ ಡಿಸೈನ್ ಎರಡನ್ನೂ ಬುಡದಿಂದ ಹೇಳಿಕೊಡುತ್ತದೆ.

ಇದೆಲ್ಲ ಡೇಟಾ ಸೆಂಟರಿನವರ ಸಮಾಚಾರ ಎಂದುಕೊಳ್ಳುವ ಹಾಗಿಲ್ಲ. ನಮ್ಮೆಲ್ಲರ ಫೋನಿನ ಟವರಿನಲ್ಲೂ ಇಂಥ ಒಂದು ನಿಯಮ ಕ್ಷಣಕ್ಷಣಕ್ಕೂ ಓಡುತ್ತಿರುತ್ತದೆ. ಟವರಿನ ಬುಡದಲ್ಲಿರುವ ಫೋನು ಒಂದೇ ಇದ್ದರೆ 40 ಮೆಗಾಬಿಟ್ ಎಳೆಯಬಲ್ಲದು, ದೂರದ ಹಳ್ಳಿಯಂಚಿನದು 4 ಎನ್ನಿ. ಒಟ್ಟು ಸಾಗಣೆ ಹೆಚ್ಚಬೇಕೆಂದರೆ ಸಮಯವೆಲ್ಲ ಹತ್ತಿರದವನಿಗೆ, ದೂರದವನಿಗೆ ಸೊನ್ನೆ. ಇಬ್ಬರಿಗೂ ಒಂದೇ ವೇಗ ಬೇಕೆಂದರೆ ಸಮಯದ ಹನ್ನೊಂದರಲ್ಲಿ ಹತ್ತು ಪಾಲು ದೂರದವನಿಗೇ ಹೋಗಿ ಇಬ್ಬರಿಗೂ 3.6 ದಕ್ಕುತ್ತದೆ. ಇಬ್ಬರ ಪಾಲಿನ ಗುಣಲಬ್ಧ ಅತಿ ಹೆಚ್ಚಾಗುವಂತೆ ಹಂಚಿದರೆ ಸಮಯ ಅರ್ಧರ್ಧ: 20 ಮತ್ತು 2. ಈ ಗುಣಲಬ್ಧದ ಸೂತ್ರ ಜಾನ್ ನ್ಯಾಶ್ 1950ರಲ್ಲಿ ಚೌಕಾಸಿಯ ಬಗ್ಗೆ ಬರೆದ ಪ್ರಬಂಧದ್ದು. ಕೇಂಬ್ರಿಡ್ಜ್‌ನ ಫ್ರಾಂಕ್ ಕೆಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಜಾಲಗಳಿಗೆ ಅದೇ ಬಗೆಯ ನ್ಯಾಯವನ್ನು ತಂದರು. 3ಜಿ ಕಾಲದಿಂದ ಟವರುಗಳು ಅದರ ಒಂದು ರೂಪವನ್ನು ಬಳಸುತ್ತ ಬಂದಿವೆ.

ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ 5ಜಿ ಶುರುವಾಯಿತು. ಅದರ ಪೂರ್ಣ ರೂಪದಲ್ಲಿ ಒಂದೇ ಜಾಲವನ್ನು ಸಾಫ್ಟ್‌ವೇರ್ ಮೂಲಕ ಹಲವು ‘ಸ್ಲೈಸ್’ಗಳಾಗಿ ಕತ್ತರಿಸಿ ಕಾರ್ಖಾನೆಗೊಂದು, ಆಟವಾಡುವವರಿಗೊಂದು, ಆ್ಯಂಬುಲೆನ್ಸಿಗೊಂದು ಎಂದು ಕೊಡಬಹುದು. ಎಸ್‌ಡಿಎನ್ ಮತ್ತು ಹಂಚಿಕೆಯ ಗಣಿತ ಎರಡೂ ಸಾಮಾನ್ಯ ಚಂದಾದಾರನನ್ನು ನೇರವಾಗಿ ಮುಟ್ಟುವುದು ಇಲ್ಲಿ. ಹೀಗೆ ಬೇರೆ ಬೇರೆ ಪಾಲು ಕೊಡುವಾಗ ಕಾನೂನನ್ನೂ ನೋಡಬೇಕು. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಯಾವ ಜಾಲತಾಣ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರದಲ್ಲಿ ತಾರತಮ್ಯ ಮಾಡಕೂಡದೆಂದು ಆದೇಶಿಸಿತು. 2018ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನೆಟ್ ನ್ಯೂಟ್ರಾಲಿಟಿ ನಿಯಮಗಳು ಡೇಟಾವನ್ನು ತಡೆಯುವ, ನಿಧಾನಿಸುವ ಪರಿಪಾಠಕ್ಕೂ ಕಡಿವಾಣ ಹಾಕಿದವು. ‘ವಿಶೇಷ ಸೇವೆ’ಗಳಿಗೆ ಮಾತ್ರ ವಿನಾಯಿತಿ ಇಟ್ಟವು. ಯಾವ ಸ್ಲೈಸ್ ವಿಶೇಷ, ಯಾವುದು ದುಡ್ಡಿದ್ದವರ ಅಡ್ಡದಾರಿ ಎಂದು ತೀರ್ಮಾನಿಸುವುದಕ್ಕೆ ಒಂದು ಅಳತೆ ಬೇಕು. ಆ 2011ರ ಪ್ರಬಂಧದಲ್ಲೇ ಅಂಥ ಅಳತೆಯೊಂದಿದೆ: ಎಲ್ಲವನ್ನೂ ಸಮನಾಗಿ ಹಂಚಿದ್ದರೆ ಸಿಗುತ್ತಿದ್ದುದಕ್ಕಿಂತ ಕಡಿಮೆ ಯಾರಿಗೂ ಸಿಗಕೂಡದು. ಕಾರ್ಖಾನೆಯ ಸ್ಲೈಸ್ ಬಂದ ಮೇಲೂ ಟವರಿನಡಿಯ ಸಾಮಾನ್ಯ ಚಂದಾದಾರನಿಗೆ ಈ ಕನಿಷ್ಠ ಉಳಿಯುತ್ತದೆಯೇ ಎಂಬುದನ್ನು ಕಂಟ್ರೋಲರಿನ ದಾಖಲೆಗಳಿಂದಲೇ ಅಳೆಯಬಹುದು, ಏಕೆಂದರೆ ಎಸ್‌ಡಿಎನ್‌ನಲ್ಲಿ ಹಂಚಿಕೆಯ ನಿಯಮ ಸಾವಿರ ರೂಟರುಗಳಲ್ಲಿ ಚದುರಿಲ್ಲ, ಪ್ರೋಗ್ರಾಂ ಆಗಿ ಒಂದೆಡೆ ಬರೆದಿಟ್ಟಿದೆ. ಟೆಲಿಕಾಂ ಕಂಪನಿಗಳು ಆ ನಿಯಮವನ್ನು ಟ್ರಾಯ್‌ಗೆ ಒಪ್ಪಿಸಬೇಕು, ಟ್ರಾಯ್ ಅದನ್ನು ದರಪಟ್ಟಿಯಷ್ಟೇ ಬಹಿರಂಗವಾಗಿ ಪ್ರಕಟಿಸಬೇಕು.